ಯಶವಂತಪುರದ ಶೆಡ್ಡಿನಲ್ಲಿ ಒಂಟಿ ಹಳಿ

ಷಟರ್ ಅರ್ಧಕ್ಕೆ ಇಳಿದಿದೆ, ತಲೆ ತಗ್ಗಿಸಿ ಒಳಗೆ ಬನ್ನಿ. ಶನಿವಾರ ಸಂಜೆ ಏಳರ ಹೊತ್ತಿಗೆ ಯಶವಂತಪುರ ಇಂಡಸ್ಟ್ರಿಯಲ್ ಸಬರ್ಬಿನ ಈ ಬೀದಿಯಲ್ಲಿ ಬಹುತೇಕ ಶೆಡ್ಡುಗಳಿಗೆ ಬೀಗ ಬಿದ್ದಿದೆ. ಇಲ್ಲಿ ಮಾತ್ರ ಟ್ಯೂಬ್‌ಲೈಟು ಉರಿಯುತ್ತಿದೆ. ಕಾಲ ಕೆಳಗೆ ನೋಡಿಕೊಂಡು ನಡೆಯಿರಿ, ವೆಲ್ಡಿಂಗ್ ಕೇಬಲ್ಲು ನೆಲದ ಮೇಲೇ ಬಿದ್ದಿದೆ. ಗ್ರೈಂಡಿಂಗ್ ಮಾಡಿದ ಕಬ್ಬಿಣದ ಸುಟ್ಟ ವಾಸನೆ ಮೂಗಿಗೆ ಹೊಡೆಯುತ್ತದೆ. ಒಳಗಿನ ಟೇಬಲ್ಲಿನ ಸುತ್ತ ಒಂದಷ್ಟು ಜನ ಮುಗಿಬಿದ್ದಿದ್ದಾರಲ್ಲ, ನಾವು ನೋಡಲು ಬಂದಿರುವುದು ಅವರನ್ನೇ.

ಯಲಹಂಕ ಕಡೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುವ ಇಬ್ಬರು ಹುಡುಗರು, ಒಬ್ಬ ಹುಡುಗಿ. ಆರ್.ಟಿ. ನಗರದಿಂದ ಸ್ಕೂಟರಿನಲ್ಲಿ ಬಂದಿರುವ, ನಿವೃತ್ತಿ ಹತ್ತಿರವಾದ ಬ್ಯಾಂಕ್ ಉದ್ಯೋಗಿ. ಇವರನ್ನೆಲ್ಲ ಒಂದೆಡೆ ತಂದದ್ದು ರೋಲರ್ ಕೋಸ್ಟರ್ ಹುಚ್ಚು. ಹತ್ತಿ, ಕಿರುಚಿ, ಇಳಿದು ಬಂದರೆ ಮುಗಿಯುವ ಹುಚ್ಚಲ್ಲ ಅದು. ಹಳಿ ಎಲ್ಲಿ ಬಗ್ಗಿತು, ಎಲ್ಲಿ ಹೊರಳಿತು, ಯಾವ ಗಳಿಗೆಯಲ್ಲಿ ಮೈ ಸೀಟು ಬಿಟ್ಟು ಮೇಲೆದ್ದಿತು ಎಂಬುದನ್ನು ಇವರು ಗಂಟೆಗಟ್ಟಲೆ ಮಾತಾಡಬಲ್ಲರು. ಹಾಗೆ ಮೇಲೇಳುವುದಕ್ಕೆ ಏರ್‌ಟೈಮ್ ಅನ್ನುತ್ತಾರೆ. ಆ ಪದ ಬಾಯಿಗೆ ಬಂದಾಗಲೆಲ್ಲ ಬ್ಯಾಂಕಿನವರ ಕೈ ತಾನಾಗಿ ಮೇಲಕ್ಕೆ ಹೋಗುತ್ತದೆ, ಗಮನಿಸಿ.

ಟೇಬಲ್ಲಿನ ಮೇಲೆ ಹಳೇ ಪೇಪರಿನಲ್ಲಿ ಸುತ್ತಿದ ಕಟ್ಟು. ಪೀಣ್ಯದ ಲೇಸರ್ ಕಟಿಂಗ್‌ನವರಿಂದ ಮಧ್ಯಾಹ್ನವಷ್ಟೇ ಬಂದಿದೆ. ಹುಡುಗಿ ಬಿಚ್ಚುತ್ತಾಳೆ. 3 ಎಂ.ಎಂ. ಎಂ.ಎಸ್. ಪ್ಲೇಟಿನಿಂದ ಕತ್ತರಿಸಿದ ಪಟ್ಟಿಗಳು, ಅಂಚು ಇನ್ನೂ ನೀಲಿಗಟ್ಟಿದೆ. ಒಂದೂ ನೆಟ್ಟಗಿಲ್ಲ. ಒಂದು ಎಡಕ್ಕೆ ಬಾಗಿ ಕೊನೆಯಲ್ಲಿ ನೇರವಾಗುತ್ತದೆ, ಇನ್ನೊಂದು ಅಷ್ಟೇ ದೂರದಲ್ಲಿ ಎರಡು ಸಲ ಬಳುಕುತ್ತದೆ.

ಶೆಡ್ಡಿನ ವೆಲ್ಡಿಂಗ್ ಮೇಸ್ತ್ರಿ ಒಂದನ್ನು ಎತ್ತಿ ಕಣ್ಣಿನ ನೇರಕ್ಕೆ ಹಿಡಿದು ನೋಡುತ್ತಾರೆ. "ಇದೇನಮ್ಮ, ಎಲ್ಲಾ ಸೊಟ್ಟ ಸೊಟ್ಟ ಕಟ್ ಮಾಡವ್ರಲ್ಲ?"

"ಸೊಟ್ಟಾನೇ ಬೇಕಿತ್ತು ಅಣ್ಣ. ಸೇರಿಸಿದ್ಮೇಲೆ ನೋಡಿ, ಗೊತ್ತಾಗುತ್ತೆ."

ಅವಳು ಹೇಳುತ್ತಿರುವುದು ಏನು ಎಂದು ತಿಳಿಯಲು ಒಂದು ಪಟ್ಟಿಯನ್ನು ನೀವೂ ಕೈಗೆ ತೆಗೆದುಕೊಳ್ಳಿ. ಎರಡೂ ತುದಿ ಹಿಡಿದು ಮೇಲಿನಿಂದ ಒತ್ತಿ: ಬಳುಕುತ್ತದೆ. ಒಂದು ತುದಿಯನ್ನು ಹಾಗೇ ಹಿಡಿದು ಇನ್ನೊಂದನ್ನು ತಿರುವಿ: ಸ್ವಲ್ಪ ತಿರುಚಿಕೊಳ್ಳುತ್ತದೆ. ಈಗ ಅದೇ ಪಟ್ಟಿಯನ್ನು ಅಗಲದ ದಿಕ್ಕಿಗೆ ಬಗ್ಗಿಸಲು ನೋಡಿ. ಜಪ್ಪಯ್ಯ ಅಂದರೂ ಜಗ್ಗದು. ಕಬ್ಬಿಣದ ಈ ಹಟವೇ ರೋಲರ್ ಕೋಸ್ಟರ್ ಹಳಿ ಮಾಡುವವರನ್ನು ಕಾಡಿದ್ದು.

ಸ್ಟೀಲ್ ಪೈಪಿನ ಹಳಿ ಮೊದಲು ಬಂದದ್ದು 1959ರಲ್ಲಿ, ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನ ಮ್ಯಾಟರ್‌ಹಾರ್ನ್ ರೈಡಿಗೆ. ಆರೋ ಡೆವಲಪ್‌ಮೆಂಟ್ ಕಂಪನಿ ಮಾಡಿದ್ದು. ಅದಕ್ಕೂ ಮುಂಚೆ ಕೋಸ್ಟರ್ ಎಂದರೆ ಮರದ ತೊಲೆ, ಮರದ ಪದರಗಳ ಮೇಲೆ ಬಡಿದ ಚಪ್ಪಟೆ ಉಕ್ಕಿನ ಪಟ್ಟಿ. ಪೈಪು ಬಂದ ಮೇಲೆ ಹಳಿ ಯಾವ ದಿಕ್ಕಿಗೆ ಬೇಕಾದರೂ ತಿರುಗಬಹುದಾಯಿತು, ತಲೆಕೆಳಗಾಗುವುದು ಸಲೀಸಾಯಿತು. ಆದರೆ ಬಗ್ಗಿಸಿದ ಪೈಪು ರೋಲರ್ ಬಿಟ್ಟ ಕೂಡಲೇ ಒಂಚೂರು ಹಿಂದಕ್ಕೆ ಬರುತ್ತದೆ. ಎಷ್ಟು ಬರುತ್ತದೆ ಎಂದು ಮೊದಲೇ ಲೆಕ್ಕ ಹಾಕಿ ಅಷ್ಟು ಜಾಸ್ತಿ ಬಗ್ಗಿಸಬೇಕು. ಜೋಡಿ ಪೈಪುಗಳ ಅಂತರ ಉದ್ದಕ್ಕೂ ಒಂದೇ ಇರಬೇಕು. ಕೂದಲೆಳೆಯಷ್ಟು ತಪ್ಪಿದರೂ ಚಕ್ರ ಅದನ್ನು ಹಿಡಿದುಕೊಂಡು ಕೂತವರ ಕತ್ತಿಗೆ ತಲುಪಿಸುತ್ತದೆ.

ಅಮೆರಿಕದ ಐಡಾಹೊದ ರಾಕಿ ಮೌಂಟನ್ ಕನ್‌ಸ್ಟ್ರಕ್ಷನ್ ಎಂಬ ಸಂಸ್ಥೆಯ ಫ್ರೆಡ್ ಗ್ರಬ್ ಮತ್ತು ವಿನ್ಯಾಸಕ ಆಲನ್ ಶಿಲ್ಕೆ ಪೈಪನ್ನೇ ಬಿಟ್ಟರು. ಅವರ ಉಪಾಯ ಇದು: ಬಗ್ಗದ ದಿಕ್ಕಿನಲ್ಲಿ ಪ್ಲೇಟನ್ನು ಬಗ್ಗಿಸಲೇಬೇಡಿ, ಆ ತಿರುವನ್ನು ಮಷಿನ್ನಿನಲ್ಲಿ ಕತ್ತರಿಸಿಯೇ ತನ್ನಿ. ಬಗ್ಗುವ ದಿಕ್ಕಿನಲ್ಲಿ ಮಾತ್ರ ಬಗ್ಗಿಸಿ. ಮೇಲೊಂದು ಪ್ಲೇಟು, ಕೆಳಗೊಂದು, ನಡುವೆ ನಿಂತ ಎರಡು. ನಾಲ್ಕನ್ನೂ ವೆಲ್ಡ್ ಮಾಡಿದರೆ ಒಳಗೆ ಪೊಳ್ಳಾದ, ಗಟ್ಟಿಮುಟ್ಟಾದ ಹಳಿ. ಅದಕ್ಕೆ ಐ-ಬಾಕ್ಸ್ ಎಂದು ಹೆಸರು. 1990ರಲ್ಲಿ ಶುರುವಾಗಿ 2009ರಲ್ಲಿ ಮುಚ್ಚಿದ್ದ ಟೆಕ್ಸಾಸ್ ಜೈಂಟ್ ಎಂಬ ಮರದ ಕೋಸ್ಟರಿನ ಮೇಲೆ ಈ ಹಳಿ ಕೂರಿಸಿ 2011ರಲ್ಲಿ ಮತ್ತೆ ತೆರೆದರು. 79 ಡಿಗ್ರಿ ಕಡಿದಾದ ಇಳಿಜಾರು, ಗಂಟೆಗೆ ನೂರು ಕಿಲೋಮೀಟರ್ ಮೀರಿದ ವೇಗ. ಮರದ ಅಸ್ಥಿಪಂಜರ ಹಳೆಯದು, ಓಟ ಹೊಚ್ಚ ಹೊಸದು. ಜಗತ್ತಿನ ಕೋಸ್ಟರ್ ಹುಚ್ಚರೆಲ್ಲ ಅಲ್ಲಿಗೆ ಧಾವಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಇಲ್ಲಿ ಟೇಬಲ್ಲಿನ ಮೇಲಿರುವುದು ಆ ಐ-ಬಾಕ್ಸ್ ಹಳಿಯ ತಮ್ಮ. ಎರಡು ಹಳಿಯೂ ಬೇಡ, ಒಂದೇ ಸಾಕು ಎಂದು ಅದೇ ಸಂಸ್ಥೆ ಮುಂದೆ ಒಂಟಿ ಹಳಿ ಮಾಡಿತು. ಅದರ ಅಗಲ ಹದಿನೈದೂವರೆ ಇಂಚು, ಅಂದರೆ 39 ಸೆಂಟಿಮೀಟರ್ ಅಷ್ಟೇ. ಸೀಟುಗಳು ಅಕ್ಕಪಕ್ಕ ಇಲ್ಲ, ಒಬ್ಬರ ಹಿಂದೆ ಒಬ್ಬರು. ಹಳಿ ಎರಡು ಕಾಲುಗಳ ನಡುವೆ ಓಡುತ್ತದೆ. 2018ರಲ್ಲಿ ಕ್ಯಾಲಿಫೋರ್ನಿಯಾದಲ್ಲೊಂದು, ಟೆಕ್ಸಾಸಿನಲ್ಲೊಂದು ಶುರುವಾದವು. ಅವುಗಳ ಚಿತ್ರ ಮೊದಲು ನೋಡಿದ ರಾತ್ರಿ ಯಲಹಂಕ ನ್ಯೂ ಟೌನಿನ ಮನೆಯಲ್ಲಿ ನಿದ್ದೆಯೇ ಬರಲಿಲ್ಲ ಎಂದು ಹುಡುಗಿ ಹೇಳುವಾಗ ಅವಳ ಮುಖ ನೋಡಿ. ಆಗ ಅವಳಿನ್ನೂ ಹೈಸ್ಕೂಲಿನಲ್ಲಿದ್ದಳು.

ಈಗ ಹಿಂದೆ ಸರಿಯಿರಿ, ಕೆಲಸ ಶುರುವಾಗುತ್ತಿದೆ.

ಮೇಸ್ತ್ರಿ ಕೆಳಗಿನ ಪ್ಲೇಟನ್ನು ಟೇಬಲ್ಲಿಗೆ ಸಿ-ಕ್ಲ್ಯಾಂಪ್ ಹಾಕಿ ಬಿಗಿಯುತ್ತಾರೆ. ಹುಡುಗರಿಬ್ಬರು ನಿಂತ ಪ್ಲೇಟುಗಳನ್ನು ಒಂದೊಂದಾಗಿ ತಂದು ಅದರ ಮೇಲೆ ಕೂರಿಸುತ್ತಾರೆ. ಹುಡುಗಿಯ ಕೈಯಲ್ಲಿ ಡ್ರಾಯಿಂಗು: ಎಲ್ಲಿ ಯಾವ ಗುರುತಿಗೆ ಯಾವ ಗುರುತು ಕೂಡಬೇಕೆಂದು ಬರೆದುಕೊಂಡಿದ್ದಾಳೆ. ನೋ ಲಿಮಿಟ್ಸ್ ಎಂಬ ಸಿಮ್ಯುಲೇಟರಿನಲ್ಲಿ ಒಂದು ಸಣ್ಣ ದಿಣ್ಣೆ, ಅದರ ನೆತ್ತಿಯ ಮೇಲೇ ಎಡಕ್ಕೆ ಹೊರಳುವ ತಿರುವು ಬಿಡಿಸಿ, ಅದನ್ನು ನಾಲ್ಕು ಚಪ್ಪಟೆ ಪ್ಲೇಟುಗಳಾಗಿ ಬಿಚ್ಚಿ, ಕಟಿಂಗ್‌ನವರಿಗೆ ಫೈಲು ಕಳಿಸಿದ್ದಳು. ಆ ಬಿಚ್ಚುವ ಲೆಕ್ಕವೇ ಕಷ್ಟದ್ದು ಎನ್ನುತ್ತಾಳೆ. ನನಗೂ ಹಾಗೇ ಕಾಣುತ್ತದೆ: ಹೊರಳಿಕೊಂಡ ವಸ್ತುವನ್ನು ಕಣ್ಣು ಒಪ್ಪಿಕೊಳ್ಳುತ್ತದೆ, ಚಪ್ಪಟೆಯಾದದ್ದು ಹೊರಳುತ್ತದೆಂದು ಮೊದಲೇ ಊಹಿಸಲು ಬೇರೆಯದೇ ತಲೆ ಬೇಕು.

"ಕಣ್ಣು ಮುಚ್ಕೊಳ್ರಪ್ಪ."

ಚಟ್. ಒಂದು ಟ್ಯಾಕ್, ಅಂದರೆ ಚುಕ್ಕಿಯಷ್ಟು ವೆಲ್ಡ್. ಗೋಡೆಯ ಮೇಲೆ ಎಲ್ಲರ ನೆರಳು ಒಂದು ಕ್ಷಣ ದೊಡ್ಡದಾಗಿ ಮಾಯವಾಗುತ್ತದೆ. ಮೇಸ್ತ್ರಿ ಪಕ್ಕದಲ್ಲೇ ಎರಡನೆಯದು ಹೊಡೆಯುವುದಿಲ್ಲ, ಎದುರು ಬದಿಯ ಇನ್ನೊಂದು ತುದಿಗೆ ಹೋಗುತ್ತಾರೆ. ಮತ್ತೆ ಈ ಕಡೆ ನಡುವಿಗೆ. ಯಾಕೆ ಎಂದು ಬ್ಯಾಂಕಿನವರು ಕೇಳುತ್ತಾರೆ. "ಒಂದೇ ಕಡೆ ಎಳ್ಕೊಂಡು ಹೋದ್ರೆ ಬಿಸಿಗೆ ಪ್ಲೇಟು ಆ ಕಡೆ ಎಳೆಯುತ್ತೆ ಸಾರ್. ಇವಳು ಮಾಡಿರೋ ಲೆಕ್ಕ ಎಲ್ಲಾ ನೀರಲ್ಲಿ ಹೋಮ." ವೆಲ್ಡ್ ತಣಿಯುವಾಗ ಕುಗ್ಗುವ ಕಬ್ಬಿಣವನ್ನು ಎದುರು ಬದಿಯ ವೆಲ್ಡಿನಿಂದ ಸಮ ಮಾಡುವ ಈ ವಿದ್ಯೆಯನ್ನು ಅವರು ಗೇಟು, ಟ್ರಸ್ಸು, ಮಷಿನ್ ಬೆಡ್ಡುಗಳ ಮೇಲೆ ಕಲಿತದ್ದು. ಅಟ್ಲಾಂಟಿಕ್ಕಿನ ಆಚೆಯ ಕೋಸ್ಟರ್ ಕಾರ್ಖಾನೆಯ ವೆಲ್ಡರನೂ ಇದೇ ಹಟಮಾರಿ ಉಕ್ಕಿನೊಂದಿಗೆ ಗುದ್ದಾಡುತ್ತಾನೆ. ನನ್ನನ್ನು ಈ ಶೆಡ್ಡಿಗೆ ಎಳೆದು ತಂದದ್ದು ಇದೇ. ಹೊಸ ಹಳಿಗೆ ಬೇಕಾದ ಕಸುಬು, ಪ್ಲೇಟು ಕತ್ತರಿಸುವುದು ಮತ್ತು ಹದವರಿತು ಬೆಸೆಯುವುದು, ಗೊರಗುಂಟೆಪಾಳ್ಯದಿಂದ ಪೀಣ್ಯದವರೆಗೆ ಓಣಿ ಓಣಿಯಲ್ಲಿ ದಿನವೂ ನಡೆಯುತ್ತಿದೆ. ಲೆಕ್ಕ ಮಾಡಬಲ್ಲವರು ಹೆಬ್ಬಾಳ ಫ್ಲೈಓವರಿನ ಆಚೆ ಕಾಲೇಜುಗಳಲ್ಲಿದ್ದಾರೆ. ಎರಡೂ ಒಂದೇ ಟೇಬಲ್ಲಿಗೆ ಬಂದದ್ದು ಸಣ್ಣ ವಿಷಯವಲ್ಲ.

ಮೇಲಿನ ಪ್ಲೇಟು ಇಡುವ ಹೊತ್ತಿಗೆ ಆಕಾರ ಕಾಣತೊಡಗುತ್ತದೆ. ಹುಡುಗರು ತುದಿಯಲ್ಲಿ ಕ್ಲ್ಯಾಂಪ್ ಹಿಡಿದು ಒತ್ತುತ್ತಾರೆ, ಪಟ್ಟಿ ನಿಧಾನಕ್ಕೆ ಹೊರಳಿ ತನ್ನ ಗೆರೆಗೆ ಬಂದು ಕೂರುತ್ತದೆ. ಯಾರೂ ಸುತ್ತಿಗೆ ಎತ್ತಿಲ್ಲ. ಮೇಸ್ತ್ರಿ ಮುಸುಕು ಮೇಲೆ ತಳ್ಳಿ ಹಳಿಯ ಉದ್ದಕ್ಕೂ ಹೆಬ್ಬೆರಳು ಸವರಿಕೊಂಡು ಹೋಗಿ ತುದಿಯಲ್ಲಿ ನಿಲ್ಲುತ್ತಾರೆ.

"ಕರೆಕ್ಟಾಗಿ ಕೂತೈತೆ ಕಣಮ್ಮ."

ಹುಡುಗಿ ಕುಣಿದೇಬಿಡುತ್ತಾಳೆ.

ಹಳಿಯ ಎರಡನೇ ತುಂಡೂ ಸಿದ್ಧವಾಗಿ, ಎರಡಕ್ಕೂ ಬೋಲ್ಟು ಬಿಗಿದಾಗ ಗಂಟೆ ಒಂಬತ್ತು ದಾಟಿದೆ. ಬೇರಿಂಗುಗಳನ್ನೇ ಚಕ್ರ ಮಾಡಿದ ಪುಟ್ಟ ಟ್ರಾಲಿ ಬರುತ್ತದೆ. ಬಗ್ಗಿ ನೋಡಿ: ಮೇಲೆ ಭಾರ ಹೊರುವ ಚಕ್ರ, ಪಕ್ಕದಲ್ಲಿ ದಾರಿ ಹಿಡಿಯುವ ಚಕ್ರ, ಅಡಿಯಲ್ಲಿ ಗಾಡಿ ಹಾರಿಹೋಗದಂತೆ ತಡೆಯುವ ಚಕ್ರ. ಅಡಿಯ ಚಕ್ರಕ್ಕೆ ಜಾನ್ ಮಿಲ್ಲರ್ ಪೇಟೆಂಟ್ ಪಡೆದು ನೂರು ವರ್ಷ ದಾಟಿದೆ; ಇವತ್ತಿನ ಯಾವ ದೊಡ್ಡ ಕೋಸ್ಟರೂ ಅದಿಲ್ಲದೆ ಓಡದು. ಟ್ರಾಲಿಯನ್ನು ತಳ್ಳಿ ಬಿಡುತ್ತಾರೆ. ಸರ್ರನೆ ಏರುತ್ತದೆ, ದಿಣ್ಣೆಯ ನೆತ್ತಿಯಲ್ಲಿ ಹೊರಳುತ್ತದೆ, ಇಳಿಯುತ್ತದೆ. ನಡುವೆ ಜಾಯಿಂಟಿನಲ್ಲಿ 'ಟಕ್'. ಎಲ್ಲರಿಗೂ ಕೇಳಿಸಿತು. ಮೇಸ್ತ್ರಿ ಮತ್ತೊಮ್ಮೆ ಬಿಡಲು ಹೇಳುತ್ತಾರೆ. ಟಕ್. ಅವರು ಬೋಲ್ಟು ಸಡಿಲಿಸಿ ಮತ್ತೆ ಬಿಗಿಯುತ್ತಾರೆ. ಟಕ್.

"ನಿಜವಾದ್ದು ಎಲ್ಲಾದ್ರೂ ನೋಡಕ್ಕೆ ಸಿಗುತ್ತಾ?" ಎಂದು ಮೇಸ್ತ್ರಿ ಕೇಳುತ್ತಾರೆ.

ಹಾಗಾಗಿ ಭಾನುವಾರ ಬೆಳಿಗ್ಗೆ ತುಮಕೂರು ರಸ್ತೆಯಿಂದ ನೈಸ್ ರೋಡ್ ಹಿಡಿದು ಮೈಸೂರು ರಸ್ತೆಗೆ, ಅಲ್ಲಿಂದ ಬಿಡದಿಗೆ. ವಂಡರ್‌ಲಾ ಎಂಬ ಮನರಂಜನಾ ಪಾರ್ಕು ಇಲ್ಲಿ 2005ರಿಂದ ಇದೆ. ಸಾಲಿನಲ್ಲಿ ನಿಂತ ಮಕ್ಕಳೆಲ್ಲ ನೀರಿನ ಆಟದ ಕಡೆ ಓಡುತ್ತಾರೆ, ನಮ್ಮ ಗುಂಪು ನೆಟ್ಟಗೆ ರೀಕಾಯಿಲ್ ಎಂಬ ಕೋಸ್ಟರಿನ ಕಡೆ. ಮೇಸ್ತ್ರಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದಾರೆ.

ರೀಕಾಯಿಲ್ ಐ-ಬಾಕ್ಸ್ ಅಲ್ಲ, ಪೈಪಿನ ಹಳಿ. ಗಾಡಿಯನ್ನು ಹಿಮ್ಮುಖವಾಗಿ ಮೇಲಕ್ಕೆ ಎಳೆದು ಬಿಡುತ್ತಾರೆ. ಅದು ಬಂದ ದಾರಿಯಲ್ಲೇ ಧುಮುಕಿ, ತಲೆಕೆಳಗಾಗುತ್ತ ಸಾಗಿ ಆಚೆ ತುದಿಯನ್ನು ಏರುತ್ತದೆ. ಆಮೇಲೆ ಅದಷ್ಟನ್ನೂ ಬೆನ್ನು ಮುಂದಾಗಿ ಮತ್ತೆ ಓಡುತ್ತದೆ. ಕೆಳಗೆ ನಿಂತು ಕತ್ತು ಎತ್ತಿ. ಆ ಲೂಪು ದುಂಡಗಿಲ್ಲ, ಕಂಡಿತೇ? ಮೇಲೆ ಕಿರಿದು, ಕೆಳಗೆ ಅಗಲ. 1895ರಲ್ಲಿ ನ್ಯೂಯಾರ್ಕಿನ ಕೋನಿ ಐಲ್ಯಾಂಡಿನಲ್ಲಿ ಫ್ಲಿಪ್ ಫ್ಲ್ಯಾಪ್ ಎಂಬ ರೈಡಿಗೆ ಪೂರ್ತಿ ದುಂಡನೆಯ ಲೂಪು ಮಾಡಿ ಜನರ ಕತ್ತು ನೋಯಿಸಿದ್ದರು. ದುಂಡನೆಯ ಲೂಪಿನಲ್ಲಿ ಬುಡದ ಒತ್ತಡಕ್ಕೂ ನೆತ್ತಿಯ ಒತ್ತಡಕ್ಕೂ ನಮ್ಮ ತೂಕದ ಆರು ಪಟ್ಟು ವ್ಯತ್ಯಾಸ ಬರುತ್ತದೆ. ಜರ್ಮನಿಯ ಆಂಟನ್ ಶ್ವಾರ್ಜ್‌ಕೋಫ್ ಮತ್ತು ಎಂಜಿನಿಯರ್ ವರ್ನರ್ ಸ್ಟೆಂಗೆಲ್ 1976ರಲ್ಲಿ ಕ್ಯಾಲಿಫೋರ್ನಿಯಾದ ರೆವಲ್ಯೂಷನ್ ಕೋಸ್ಟರಿಗೆ ಈ ಕಣ್ಣೀರ ಹನಿಯಾಕಾರ ಕೊಟ್ಟ ಮೇಲೆಯೇ ಲೂಪು ಎಲ್ಲರಿಗೂ ದಕ್ಕಿದ್ದು.

ಸ್ಟೆಂಗೆಲ್ ಕೊಟ್ಟ ಇನ್ನೊಂದು ವಿಚಾರವನ್ನು ಹುಡುಗಿ ಮೇಸ್ತ್ರಿಗೆ ಕೈಯಾಡಿಸಿ ವಿವರಿಸುತ್ತಿದ್ದಾಳೆ. ಹಳಿಯನ್ನು ಕೇಂದ್ರ ಮಾಡಿಕೊಂಡು ಹೊರಳಿಸಿದರೆ ಹಳಿ ನೆಟ್ಟಗಿರುತ್ತದೆ, ಕೂತವರ ತಲೆ ಗಿರ್ರನೆ ಬೀಸಿಹೋಗುತ್ತದೆ. ಕೂತವರ ಎದೆಯನ್ನು ಕೇಂದ್ರ ಮಾಡಿದರೆ ಅವರು ನೆಟ್ಟಗೆ ಸಾಗುತ್ತಾರೆ, ಹಳಿ ಅವರ ಸುತ್ತ ಬಳಸುತ್ತದೆ. ಹೊಸ ಹಳಿಗಳೆಲ್ಲ ದೂರದಿಂದ ಅಡ್ಡಾದಿಡ್ಡಿ ಕಾಣುವುದು ಇದಕ್ಕೇ. ಮೊದಲು ಬರೆದುಕೊಳ್ಳುವ ಗೆರೆ ಎದೆಯದು. ಹಳಿ ಎಲ್ಲಿ ಬರಬೇಕೆಂಬುದು ಆಮೇಲೆ.

"ಅಂದ್ರೆ ಮೊದ್ಲು ಮನುಷ್ಯನ್ನ ಇಟ್ಟು, ಆಮೇಲೆ ಕಬ್ಬಿಣ," ಎಂದು ಮೇಸ್ತ್ರಿ ತಲೆಯಾಡಿಸುತ್ತಾರೆ.

ಅವರು ಹತ್ತುತ್ತಾರೋ ಇಲ್ಲವೋ ಎಂದು ಹುಡುಗರಿಗೆ ಅನುಮಾನವಿತ್ತು. ಜೇಬಿನಲ್ಲಿದ್ದುದನ್ನೆಲ್ಲ ಲಾಕರಿಗೆ ಹಾಕಿ, ಹೋಗಿ ಮೊದಲ ಸಾಲಿನಲ್ಲೇ ಕೂತರು. ನೀವು ಅವರ ಹಿಂದಿನ ಸೀಟಿನಲ್ಲಿ ಕೂರಿ. ಭುಜದ ಮೇಲೆ ಬಾರು ಇಳಿಯಿತು, ಕ್ಲಿಕ್ ಎಂದಿತು. ಗಾಡಿ ಹಿಂದಕ್ಕೆ ಏರುತ್ತಿದೆ. ಮೈ ಮುಂದಕ್ಕೆ ಜೋತು ಬೀಳುತ್ತಿದೆ, ಕಣ್ಣೆದುರು ಇರುವುದು ಬರೀ ನೆಲ. ಜನ ಸಣ್ಣಗಾದರು. ನಿಂತಿತು. ಬಿಟ್ಟರು.

ಹೊಟ್ಟೆ ಮೇಲೇ ಉಳಿಯಿತು. ಸ್ಟೇಷನ್ ಸರ್ರನೆ ಸರಿಯಿತು. ಆಕಾಶ ಕಾಲಡಿಗೆ ಬಂತು, ನೆಲ ನೆತ್ತಿಗೆ ಹೋಯಿತು, ಮತ್ತೆ ಆಕಾಶ. ಲೂಪಿನ ಬುಡದಲ್ಲಿ ಕೆನ್ನೆ ಕೆಳಗಿಳಿಯುವಷ್ಟು ಭಾರ, ನೆತ್ತಿಯಲ್ಲಿ ಏನೂ ಭಾರವಿಲ್ಲ. ಹಿಂದೆ ಬ್ಯಾಂಕಿನವರ ಎರಡು ಕೈಯೂ ಗಾಳಿಯಲ್ಲಿವೆ, ಬಾಯಿ ತುಂಬ ನಗು. ಆಚೆ ತುದಿಯಲ್ಲಿ ಒಂದು ಉಸಿರು ಎಳೆದುಕೊಳ್ಳುವಷ್ಟು ಬಿಡುವು, ಮರುಕ್ಷಣ ಅಷ್ಟೂ ಹಿಮ್ಮುಖ. ಈಗ ತಿರುವು ಬರುವುದು ಕಾಣುವುದಿಲ್ಲ. ಮೈಗೆ ಮೊದಲು ಗೊತ್ತಾಗುತ್ತದೆ, ಆಮೇಲೆ ತಲೆಗೆ.

ಇಳಿದ ಮೇಲೆ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದಾರೆ. ಮೇಸ್ತ್ರಿಯ ಅಂಗಿ ಮುದುಡಿದೆ. ಅವರು ಯಾರಿಗೂ ಉತ್ತರ ಕೊಡದೆ ಬೇಲಿಯ ಹತ್ತಿರ ಹೋಗಿ, ಎರಡು ತುಂಡು ಹಳಿ ಕೂಡುವ ಜಾಗವನ್ನು, ಅಲ್ಲಿ ಬೋಲ್ಟು ಬಿಗಿದ ದಪ್ಪನೆಯ ಫ್ಲೇಂಜನ್ನು ದಿಟ್ಟಿಸಿ ನೋಡಿದರು. ಗಾಡಿ ಇನ್ನೊಮ್ಮೆ ಹೋಗುವವರೆಗೂ ಕಿವಿಗೊಟ್ಟು ನಿಂತರು.

"ಒಂದ್ಕಡೆನೂ ಟಕ್ ಅನ್ನಲ್ಲ ನೋಡು," ಎಂದರು ಹುಡುಗಿಗೆ. "ನಾವು ಬಿಡಿ ಬಿಡಿಯಾಗಿ ಮಾಡಿ ಆಮೇಲೆ ಜೋಡಿಸಿದ್ವಿ. ಹಂಗಲ್ಲ. ಮುಂದಿನ ಸರ್ತಿ ಮೊದ್ಲು ಎರಡು ಫ್ಲೇಂಜನ್ನೂ ಬೋಲ್ಟ್ ಹಾಕಿ ಒಂದು ಮಾಡ್ಕೊಂಡು, ಅದರ ಮೇಲೇ ಎರಡು ಕಡೆ ಹಳಿನೂ ಕೂರಿಸಿ ವೆಲ್ಡ್ ಮಾಡೋಣ. ತಣ್ಣಗಾದ್ಮೇಲೆ ಬಿಚ್ಚೋದು."

ಹುಡುಗಿ ಲಾಕರಿನಿಂದ ಆಗಷ್ಟೇ ತೆಗೆದ ಫೋನಿನಲ್ಲಿ ಅದನ್ನು ಬರೆದುಕೊಂಡಳು. ಫ್ಲೇಂಜಿಗೆ ಎಷ್ಟು ದಪ್ಪದ ಪ್ಲೇಟು ಎಂದು ಕೇಳಿದಳು. ಹತ್ತು ಎಂ.ಎಂ. ಸಾಕು, ಬುಧವಾರದೊಳಗೆ ಕಟ್ ಮಾಡಿಸಿ ತಂದರೆ ಶನಿವಾರ ಕೂರಿಸಬಹುದು ಎಂದರು ಮೇಸ್ತ್ರಿ. ಬ್ಯಾಂಕಿನವರು ಅಷ್ಟು ಹೊತ್ತಿಗಾಗಲೇ ಮತ್ತೆ ಸಾಲಿನಲ್ಲಿದ್ದರು, ಕೊನೆಯ ಸೀಟಿನಲ್ಲಿ ಏರ್‌ಟೈಮ್ ಜಾಸ್ತಿ ಬನ್ನಿ ಎಂದು ಎಲ್ಲರನ್ನೂ ಕೂಗುತ್ತಿದ್ದರು.