ಲೆಂತಾಮೆಂತೆ, ವಸಿ ಮೆಲ್ಲಗೆ

ಚಿಕ್ಕಯ್ಯನಛತ್ರ

ಪ್ರೀತಿಯ ಪುಟ್ಟಾ,

ಸ್ಪ್ಯಾನಿಷ್ ಕ್ರಿಯಾವಿಶೇಷಣ ತಲೆಗೆ ಹತ್ತುತ್ತಿಲ್ಲ ಅಂತ ಬೇಜಾರು ಮಾಡಿಕೊಂಡೆಯಲ್ಲ, ನೀನು ಕಳಿಸಿದ ಪುಟಗಳನ್ನು ಕೂತು ಓದಿದೆ. ಸೂತ್ರ ಉರು ಹೊಡೆಯಬೇಡ. ಆ ಪದಗಳ ಕೊನೆಗೆ ಬರುವ ‘ಮೆಂತೆ’ಯ ಹುಟ್ಟು ತಿಳಿದುಕೋ, ಸೂತ್ರ ತಾನಾಗಿ ಬರುತ್ತದೆ.

ಲ್ಯಾಟಿನ್ನಿನಲ್ಲಿ ಅದು ‘ಮನಸ್ಸು’ ಅನ್ನುವ ನಾಮಪದ, ಸ್ತ್ರೀಲಿಂಗ. ನಿಧಾನದ ಮನಸ್ಸಿನಿಂದ, ತಿಳಿಯಾದ ಮನಸ್ಸಿನಿಂದ ಎನ್ನುತ್ತಿದ್ದ ಎರಡೆರಡು ಪದಗಳು ಬರಬರುತ್ತಾ ಒಂದಕ್ಕೊಂದು ಅಂಟಿದವು. ಅದಕ್ಕೇ ‘ನಿಧಾನದ’ ಅನ್ನುವ ‘ಲೆಂತೊ’ಗೆ ಮೆಂತೆ ನೇರ ಸೇರುವುದಿಲ್ಲ; ಅದು ಮೊದಲು ಸ್ತ್ರೀಲಿಂಗದ ‘ಲೆಂತಾ’ ಆಗಬೇಕು, ಆಮೇಲೆ ‘ಲೆಂತಾಮೆಂತೆ’. ‘ಸುಲಭ’ ಅನ್ನುವ ‘ಫಾಸಿಲ್’ಗೆ ಎರಡೂ ಲಿಂಗದಲ್ಲಿ ಒಂದೇ ರೂಪ, ಹಾಗಾಗಿ ಸುಮ್ಮನೆ ‘ಫಾಸಿಲ್‌ಮೆಂತೆ’. ಹೇಳುವಾಗ ಎರಡು ಕಡೆ ಒತ್ತು ಬೀಳುವುದನ್ನು ಗಮನಿಸು. ಹಳೆಯ ಎರಡು ಪದಗಳೂ ತಮ್ಮ ತಮ್ಮ ಒತ್ತನ್ನು ಇನ್ನೂ ಬಿಟ್ಟುಕೊಟ್ಟಿಲ್ಲ.

ನನಗೆ ಬಹಳ ಹಿಡಿಸಿದ್ದು ‘ಕ್ಲಾರಾ ಇ ಲೆಂತಾಮೆಂತೆ’. ಎರಡು ವಿಶೇಷಣ ಜೊತೆಯಾದರೆ ಮೆಂತೆ ಕೊನೆಯದಕ್ಕೆ ಮಾತ್ರ. ನಾವು ‘ಸ್ಪಷ್ಟವೂ ನಿಧಾನವೂ ಆಗಿ’ ಅನ್ನುವುದಿಲ್ಲವೇ? ನಮ್ಮ ‘ಆಗಿ’ಯೂ ‘ಆಗು’ ಅನ್ನುವ ಕ್ರಿಯಾಪದದಿಂದ ಬಂದದ್ದು, ಬರೀ ಪ್ರತ್ಯಯವಾಗಿ ಹುಟ್ಟಿದ್ದಲ್ಲ. ಅಷ್ಟು ದೂರದ ಎರಡು ಭಾಷೆಗಳು ಒಂದೇ ದಾರಿ ಹಿಡಿದಿವೆ ಅಂತ ಕಂಡಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

ಮೆಂತೆ ಹಿಡಿಯದ, ಉರು ಹೊಡೆಯಬೇಕಾದವು ಕೆಲವೇ: ಒಳ್ಳೆಯದಕ್ಕೆ ‘ಬ್ವೇನೊ’, ಚೆನ್ನಾಗಿ ಅನ್ನಲು ‘ಬಿಯೆನ್’, ಕೆಟ್ಟದಾಗಿ ಅನ್ನಲು ‘ಮಾಲ್’.

ಆದರೆ ಕಲಿತೆ ಅಂತ ಸಾಲಿಗೊಂದು ಮೆಂತೆ ಹಾಕಬೇಡ. ನೀನಿರುವ ಮೆಕ್ಸಿಕೊದಲ್ಲೇ ಬಹುಕಾಲ ಬಾಳಿದ ಕಾದಂಬರಿಕಾರ ಗಾಬ್ರಿಯೆಲ್ ಗಾರ್ಸಿಯಾ ಮಾರ್ಕೆಸ್, 2002ರಲ್ಲಿ ಬಂದ ಆತ್ಮಕಥೆಯಲ್ಲಿ ಅದನ್ನು ಬರವಣಿಗೆಯನ್ನು ಬಡವಾಗಿಸುವ ಚಟ ಎಂದೇ ಕರೆದಿದ್ದಾರೆ. ಅದರ ಬದಲು ‘ಕೋನ್ ಕಾಲ್ಮಾ’, ಸಮಾಧಾನದಿಂದ; ‘ಸಿನ್ ಪ್ರೀಸಾ’, ಅವಸರವಿಲ್ಲದೆ. ನಮ್ಮ ಕನ್ನಡ ಬರವಣಿಗೆಗೂ ಈ ‘ವಾಗಿ’ಯ ಕಾಟ ತಪ್ಪಿದ್ದಲ್ಲ. ಅವ್ವ ಯಾವತ್ತಾದರೂ ‘ನಿಧಾನವಾಗಿ ಚಲಿಸು’ ಅಂದಿದ್ದಾಳಾ? ‘ವಸಿ ಮೆಲ್ಲಗೆ ಹೋಗು’, ‘ಬಿರಬಿರನೆ ಬಾ’ ಅನ್ನುತ್ತಾಳೆ. ದಡದಡನೆ, ಸರಸರನೆ, ಥಟ್ಟನೆ: ಕಿವಿಗೆ ಬೀಳುವ ಸದ್ದನ್ನೇ ಕ್ರಿಯಾವಿಶೇಷಣ ಮಾಡಿಕೊಂಡ ಈ ಸಿರಿಯನ್ನು ಅಲ್ಲಿದ್ದು ಮರೆಯಬೇಡ, ಪುಟ್ಟಾ.

ಅಲ್ಲಿಯ ಬೀದಿಯಲ್ಲೂ ‘ಲೆಂತಾಮೆಂತೆ’ಗಿಂತ ‘ದೆಸ್ಪಾಸಿಯೊ’ ಅನ್ನುವುದೇ ಹೆಚ್ಚು. ಅಂಗಡಿಯವರು ಗಡಗಡ ಮಾತಾಡಿದರೆ ಹೆದರಬೇಡ, ‘ಮಾಸ್ ದೆಸ್ಪಾಸಿಯೊ, ಪೋರ್ ಫಾವೋರ್’ ಅಂತ ಕೇಳು. ಮುಂದಿನ ಪಾಠದ ಪುಟಗಳನ್ನೂ ಕಳಿಸು.

ನಿನ್ನ
ಅಕ್ಕ