ನಾಯಿಗೂ ಒಂದು ಕಲ್ಲು

ವಸ್ತುಸಂಗ್ರಹಾಲಯಗಳಲ್ಲಿ ನಿಟ್ಟುಸಿರು ಬಿಡುವವರು ಯಾರೆಂದು ಗಮನಿಸಿದ್ದೀರಾ? ಒನಕೆಯ ಮುಂದೆ ನಿಂತು "ಆಹಾ, ಎಂಥಾ ಕಾಲ ಅದು!" ಎನ್ನುವವರು ಬಹುಪಾಲು ಗಂಡಸರು. ಜನ್ಮದಲ್ಲಿ ಒಂದು ಪಾವು ಭತ್ತ ಕುಟ್ಟಿದವರಲ್ಲ. ನಾನೂ ಆ ಪೈಕಿಯವನೇ. ಅಜ್ಜಿ ಕೋಳಿ ಕೂಗುವ ಮುಂಚೆ ರಾಗಿಕಲ್ಲಿನ ಮುಂದೆ ಕೂತರೆ, ಅವಳು ಚಾಚಿದ ಕಾಲ ಮೇಲೆ ತಲೆಯಿಟ್ಟು ಮತ್ತೊಂದು ನಿದ್ದೆ ತೆಗೆದವನು. ಕಲ್ಲಿನ ಗುರುಗುರು ನನಗೆ ಜೋಗುಳ. ಅವಳಿಗೆ ಏನಾಗಿತ್ತೆಂದು ಕೇಳುವ ಬುದ್ಧಿ ಬರುವಷ್ಟರಲ್ಲಿ ಅವಳೂ ಇರಲಿಲ್ಲ, ಕಲ್ಲೂ ಇರಲಿಲ್ಲ.

ರಾಮನಗರದ ಬಳಿಯ ಜಾನಪದ ಲೋಕಕ್ಕೆ ಸೋದರತ್ತೆಯನ್ನು ಕರೆದುಕೊಂಡು ಹೋದದ್ದು ಈ ಹಿನ್ನೆಲೆಯಲ್ಲಿ. ಅತ್ತೆ ಮದ್ದೂರು ಕಡೆಯವಳು. ಟಿಕೆಟ್ ಕೊಂಡು ಒಳಗೆ ಹೋಗಿ ಮೊರ ನೋಡುವುದೆಂದರೆ ಅವಳಿಗೆ ನಂಬಲಿಕ್ಕೇ ಆಗಲಿಲ್ಲ. "ದುಡ್ ಕೊಟ್ಟು ಮೊರ ನೋಡಾದಾ? ಮನೇಲಿ ಅಟ್ಟದ್ ಮ್ಯಾಲೆ ನಾಕ್ ಬಿದ್ದವೆ ಕಣ್ ಮಗಾ."

ಆ ಅಟ್ಟದ ಸಾಮಾನಿಗೂ ಒಂದು ಮರ್ಯಾದೆ ಇದೆಯೆಂದು ಬಹಳ ಮುಂಚೆಯೇ ಕಂಡುಕೊಂಡವರು ಎಚ್.ಎಲ್. ನಾಗೇಗೌಡರು. ಐಎಎಸ್ ಅಧಿಕಾರಿಯಾಗಿದ್ದ ಮನುಷ್ಯ ಹಳ್ಳಿಯ ಹಾಡುಗಳನ್ನು ಟೇಪಿಗೆ ಹಿಡಿಸಿದರು, 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದರು, 1994ರಲ್ಲಿ ಹದಿನೈದು ಎಕರೆಯಲ್ಲಿ ಈ ಲೋಕವನ್ನೇ ನಿಲ್ಲಿಸಿದರು. ಫೈಲು ವಿಲೇವಾರಿ ಮಾಡಿದ ಅಧಿಕಾರಿಗಳು ಬೇಕಾದಷ್ಟು ಮಂದಿ ಇದ್ದಾರೆ. ಕೊಳಗ, ಬಳ್ಳಗಳನ್ನು ವಿಲೇವಾರಿಯಾಗದಂತೆ ಉಳಿಸಿದವರು ಅಪರೂಪ.

ಲೋಕಮಾತಾ ಮಂದಿರದಲ್ಲಿ ಹೆಂಗಸರು ಬಳಸುತ್ತಿದ್ದ ಸಾಮಾನುಗಳಿವೆ. ಅಲ್ಲಿ ನಾನು ನಿಟ್ಟುಸಿರಿಗೆ ಸಿದ್ಧನಾಗುತ್ತಿದ್ದಂತೆ ಅತ್ತೆ ಸಂತೆಯಲ್ಲಿ ಎಮ್ಮೆ ನೋಡುವವಳಂತೆ ಒಂದೊಂದನ್ನೂ ಪರೀಕ್ಷಿಸತೊಡಗಿದಳು. ಸೇರು, ಪಾವುಗಳ ಮುಂದೆ ನಿಂತು, ಯಾವ ಪಠ್ಯಪುಸ್ತಕದಲ್ಲೂ ಇಲ್ಲದ ಒಂದು ಗಣಿತ ಹೇಳಿಕೊಟ್ಟಳು. ಅವಳ ಮಾವನ ಮನೆಯಲ್ಲಿ ಸಾಲ ಕೊಟ್ಟ ರಾಗಿ ವಾಪಸು ಬರುವಾಗ ಸೇರಿನ ಮೇಲೆ ಗೋಪುರ ಏಳಬೇಕಿತ್ತಂತೆ. ಆಳಿಗೆ ಕೂಲಿ ಅಳೆಯುವಾಗ ಮಾತ್ರ ಅದೇ ಸೇರಿನ ಬಾಯನ್ನು ಅಂಗೈಯಿಂದ ಸವರಿ ನೆಲಸಮ ಮಾಡುತ್ತಿದ್ದರಂತೆ. "ಸೇರು ಒಂದೇಯ. ಕೈ ಮಾತ್ರ ಎರಡು."

ರಾಗಿಕಲ್ಲು ಕಂಡಾಗ ನಾನು ಕೇಳಿಯೇಬಿಟ್ಟೆ: "ನೋಡಿದ್ರೆ ಏನನ್ಸುತ್ತೆ ಅತ್ತೆ?" ಬೀಸುವ ಪದಗಳ ನೆನಪಾಗಿ ಕಣ್ಣು ಒದ್ದೆಯಾದೀತೆಂದು ನನ್ನ ಲೆಕ್ಕ.

"ತೋಳ್ ನೋಯ್ತದೆ" ಎಂದಳು.

ಹಾಡು? ಹಾಡು ಹೇಳುತ್ತಿದ್ದದ್ದು ನಿಜವೇ. ಹಾಡದಿದ್ದರೆ ತೂಕಡಿಕೆ ಬರುತ್ತಿತ್ತು, ತೂಕಡಿಸಿದರೆ ಹೊತ್ತು ಮೂಡುವುದರೊಳಗೆ ಹಿಟ್ಟಾಗುತ್ತಿರಲಿಲ್ಲ. ಜೊತೆಗೆ, ಅತ್ತೆ ಮನೆಯವರನ್ನು ನೇರ ಬೈಯಲಾಗದ ಸೊಸೆ ಹಾಡಿನಲ್ಲಿ ಸೇರಿಸಿ ಬೈದರೆ ಯಾರೂ ಕೇಳುವಂತಿರಲಿಲ್ಲ. ಊರಿಗೆ ಮಿಲ್ಲು ಬಂದ ದಿನ ಅಳುವುದಿರಲಿ, ಓಣಿಯ ಹೆಂಗಸರೆಲ್ಲ ಹಬ್ಬಕ್ಕೆ ಹೊರಟವರಂತೆ ಪುಟ್ಟಿ ಹೊತ್ತು ಸಾಲುಗಟ್ಟಿದ್ದರಂತೆ. ಇಷ್ಟು ಹೇಳಿ ಕಲ್ಲನ್ನು ಇನ್ನೊಮ್ಮೆ ನೋಡಿ, "ಒಳ್ಳೆ ಕಲ್ಲು. ಹಗೂರಕ್ಕೆ ತಿರುಗೋ ಜಾತಿ. ಇಂಥ ಕಲ್ಲಿರೋ ಮನೇಗೆ ನನ್ನ ಕೊಡಬಾರ್ದಿತ್ತಾ ನಿಮ್ ತಾತ?" ಎಂದಳು. ಸಂಬಂಧ ಕುದುರಿಸುವಾಗ ಹುಡುಗನ ಜಮೀನು ಕೇಳುತ್ತಿದ್ದರು, ಕುಲಗೋತ್ರ ಕೇಳುತ್ತಿದ್ದರು. ರಾಗಿಕಲ್ಲಿನ ತೂಕವನ್ನು ಯಾರು ಕೇಳಿದ್ದಾರು?

ವೀರಗಲ್ಲುಗಳಿರುವ ಶಿಲ್ಪಮಾಳದಲ್ಲಿ ನನ್ನ ಸರದಿ. ವೀರಗಲ್ಲಿನ ವಿಷಯ ನನಗೆ ಸ್ವಲ್ಪ ಗೊತ್ತು. ಸಾಮಾನ್ಯವಾಗಿ ಮೂರು ಪಟ್ಟಿಕೆ: ಕೆಳಗೆ ಕಾದಾಟ, ನಡುವೆ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ಶಿವಲಿಂಗದ ಸನ್ನಿಧಿ. ತುರುಗಳನ್ನು ಬಿಡಿಸಲು ಹೋಗಿ ಮಡಿದವರ ಕಲ್ಲುಗಳು ನಮ್ಮ ನಾಡಿನಲ್ಲಿ ಲೆಕ್ಕವಿಲ್ಲದಷ್ಟಿವೆ ಎಂದೆಲ್ಲ ವಿವರಿಸಿದೆ. ಅತ್ತೆ ಗಂಭೀರವಾಗಿ ಕೇಳಿಸಿಕೊಂಡಳು.

"ದನ ಬುಡಿಸ್ಕೊಂಡ್ ಬಂದು ಸತ್ತ. ಪುಣ್ಯಾತ್ಮ. ಮಾರನೇ ದಿನದಿಂದ ಆ ದನಗೋಳ್ಗೆ ಹುಲ್ ಹಾಕ್ದೋರ್ಯಾರು?"

ಶಾಸನಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ. ಹೆಣ್ಣಿಗೂ ಕಲ್ಲುಂಟಲ್ಲ ಎಂದು ಮಾಸ್ತಿಗಲ್ಲಿನ ಮಾತೆತ್ತಿದೆ: ಕಂಬದಿಂದ ಚಾಚಿ ಮೇಲೆದ್ದ ಬಳೆ ತೊಟ್ಟ ತೋಳು, ಕೈಯಲ್ಲಿ ನಿಂಬೆಹಣ್ಣು. ಎತ್ತಿದ ಬಾಯಿ ಅಷ್ಟೇ ಬೇಗ ಮುಚ್ಚಬೇಕಾಯಿತು. ಗಂಡನ ಚಿತೆಯಲ್ಲಿ ಒಮ್ಮೆ ಉರಿದವಳಿಗೆ ಕಲ್ಲುಂಟು. ನಲವತ್ತು ವರ್ಷ ಒಲೆಯ ಮುಂದೆ ಬೆಂದವಳಿಗೆ ಬೀಸುವ ಕಲ್ಲೇ ಗತಿ. ಅದರಲ್ಲಿ ಹೆಸರು ಕೆತ್ತುವ ಪದ್ಧತಿಯಿಲ್ಲ.

ಮಾತು ಬದಲಿಸಲು ಆತಕೂರಿನ ಕಥೆ ಹೇಳಿದೆ. ಅವಳ ಮದ್ದೂರು ತಾಲ್ಲೂಕಿನದೇ ಊರು. ಕ್ರಿ.ಶ. 949ರ ಸುಮಾರು. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗರ ಬೂತುಗ ತನ್ನ ಭಟ ಮಣಲೇರನಿಗೆ ಮೆಚ್ಚಿ, ಏನು ಬೇಕೋ ಕೇಳು ಎಂದ. ಮಣಲೇರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಹಂದಿಯೊಂದರ ಮೇಲೆ ಬಿದ್ದು ಹೋರಾಡಿ, ಹಂದಿಯೂ ಸತ್ತು, ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ನಾಯಿ ಹಂದಿಯ ಜಗಳವನ್ನು ಕೆತ್ತಿಸಿದರು. ರಾಜಾದಿತ್ಯನ ಸಾವಿನ ಸುದ್ದಿಯೂ ಅದೇ ಕಲ್ಲಿನಲ್ಲಿದೆ. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸ್ವತ್ತು.

ಅತ್ತೆ ಬಹಳ ಹೊತ್ತು ನಕ್ಕಳು. "ನಾಯೀಗಾದ್ರೂ ಹಾಕ್ಸುದ್ರಲ್ಲ, ಒಳ್ಳೇದೇ ಆಯ್ತು ಬುಡು. ಅದೂ ಮನೆ ಕಾದದ್ದೇ ಅಲ್ವಾ?"

ಅವಳು ಮುಂದೆ ಹೋದಳು. ನಾನು ವೀರಗಲ್ಲಿನ ಮುಂದೆ ನಿಂತು ಅಜ್ಜಿಯ ಹೆಸರು ಎಲ್ಲಾದರೂ ಬರೆದಿದೆಯೇ ಎಂದು ಯೋಚಿಸಿದೆ. ರೇಷನ್ ಕಾರ್ಡಿನಲ್ಲಿ ಇತ್ತು. ಅವಳು ಸತ್ತ ಮೇಲೆ ಅಲ್ಲಿಂದಲೂ ತೆಗೆಸಿದೆವು. ಅದಕ್ಕೆ ಅರ್ಜಿ ಬರೆದವನು ನಾನೇ.

ಹೊಸ ಎಕ್ಸ್‌ಪ್ರೆಸ್‌ವೇ ರಾಮನಗರವನ್ನು ಹೊರಗಿಟ್ಟು ಹಾದುಹೋಗುತ್ತದೆ. ಆದ್ದರಿಂದ ಮೈಸೂರಿಗೆ ಹೊರಟ ಕಾರುಗಳಿಗೆ ಜಾನಪದ ಲೋಕ ತಾನಾಗಿ ಎದುರಾಗುವುದಿಲ್ಲ. ಹಳೆಯ ರಸ್ತೆಗೆ ಬೇಕೆಂದೇ ಇಳಿಯಬೇಕು. ಇಳಿಯಿರಿ. ಹೋಗುವಾಗ ಮನೆಯಲ್ಲಿ ರಾಗಿ ಬೀಸಿದ ಹಿರಿಯರೊಬ್ಬರು ಇನ್ನೂ ಇದ್ದರೆ ಕರೆದುಕೊಂಡು ಹೋಗಿ. ವಿವರಣೆಯನ್ನು ಅವರಿಗೇ ಬಿಟ್ಟು, ನಿಟ್ಟುಸಿರನ್ನು ಮಾತ್ರ ನೀವು ತಡೆದುಕೊಳ್ಳಿ.