ಸಿಗ್ನಲ್ ಬಿಟ್ಟದ, ನಡೀ ಕಾಕಾ

ಗಾಡಿಯವರು ಸಿಗ್ನಲ್ ನೋಡಿ ರಸ್ತೆ ದಾಟುತ್ತಾರೆ, ನಡೆಯುವವರು ದೇವರನ್ನು ನೆನೆದು ದಾಟುತ್ತಾರೆ. ಸೈಕಲ್ಲಿನವರು ಈ ಇಬ್ಬರಿಂದಲೂ ಬೈಸಿಕೊಂಡು ದಾಟಬೇಕು.

ನನ್ನದು ಅಣ್ಣನ ಮಗಳು ಬಿಟ್ಟುಕೊಟ್ಟ ಸೈಕಲ್. ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ 2006-07ರಿಂದ ಕೊಡುತ್ತ ಬಂದು, ಕೊರೊನಾ ಕಾಲಕ್ಕೆ ನಿಲ್ಲಿಸಿತಲ್ಲ, ಆ ಸೈಕಲ್. ಮುಂದೆ ಬುಟ್ಟಿಯಿದೆ, ನಡುವೆ ದಂಡವಿಲ್ಲ. ಅವಳು ಸ್ಕೂಟಿ ಏರಿದಳು, ನಾನು ಇದನ್ನೇರಿದೆ. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಶಾಲೆಗಳ ಗೇಟಿನೊಳಗೆ ಒಂದು ಕಾಲಕ್ಕೆ ಇವು ಸಾಲುಗಟ್ಟಿ ನಿಂತಿರುತ್ತಿದ್ದವು. ಸೈಕಲ್ ಕೊಟ್ಟ ಸರ್ಕಾರ, ಅದು ರಸ್ತೆಯ ಈ ದಂಡೆಯಿಂದ ಆ ದಂಡೆಗೆ ಹೋಗುವ ಜವಾಬ್ದಾರಿಯನ್ನು ಮಾತ್ರ ಸೈಕಲ್ಲಿಗೇ ಬಿಟ್ಟಿತು.

ನಮ್ಮ ಕಡೆ ದೀಪದ ಕಾಟ ಕಡಿಮೆ. ಅದರ ರುಚಿ ನೋಡಲು ಕಲಬುರಗಿಗೇ ಹೋಗಬೇಕು. ಅಲ್ಲಿ ಬೇಸಿಗೆ ಬಿಟ್ಟು ಉಳಿದ ದಿನಗಳಲ್ಲಿ ಕೆಂಪು ಬಿತ್ತೆಂದರೆ ಬೈಕುಗಳೆಲ್ಲ ಜೀಬ್ರಾ ಪಟ್ಟಿಯ ಮೇಲೇ ಬಂದು ಬೀಡುಬಿಡುತ್ತವೆ. ಏಪ್ರಿಲ್ ತಿಂಗಳಲ್ಲಿ ನೋಡಬೇಕು ತಮಾಷೆ. 42 ಡಿಗ್ರಿ ಬಿಸಿಲಿಗೆ ಅಂಜಿ ಎಲ್ಲರೂ ಗೆರೆಗಿಂತ ಎಷ್ಟೋ ಹಿಂದೆ, ಬೇವಿನ ಮರದ ನೆರಳಲ್ಲೋ ಯಾರದೋ ಹುಟ್ಟುಹಬ್ಬದ ಬ್ಯಾನರಿನ ನೆರಳಲ್ಲೋ ನಿಂತುಬಿಡುತ್ತಾರೆ. ಗೆರೆಯ ಹತ್ತಿರ ತಲೆಗೆ ಟವೆಲ್ ಸುತ್ತಿಕೊಂಡು ನಿಂತವನು ನಾನೊಬ್ಬನೇ. ಕಾನೂನಿನ ಮೇಲಿನ ಭಕ್ತಿಯಿಂದಲ್ಲ. ನೆರಳಿನಿಂದ ಹೊರಟರೆ ಹಸಿರು ಮುಗಿಯುವುದರೊಳಗೆ ನಾನು ಆಚೆ ಮುಟ್ಟುವುದಿಲ್ಲ. ಎದುರಿನ ಅಂಕಿ ಮೂರಕ್ಕೆ ಇಳಿಯುತ್ತಲೇ ಬೆನ್ನ ಹಿಂದೆ ಹಾರನ್ ಶುರು. "ಏ ಕಾಕಾ, ಸಿಗ್ನಲ್ ಬಿಟ್ಟದ, ನಡೀ!" ಇನ್ನೂ ಬಿಟ್ಟಿರುವುದಿಲ್ಲ. ಬಿಟ್ಟ ಮೇಲೆ ಮೊದಲ ತುಳಿತಕ್ಕೇ ಅರ್ಧ ದಮ್ಮು ಖರ್ಚು. ವೃತ್ತದ ನಡುವೆ ಬರುವಷ್ಟರಲ್ಲಿ ಅಡ್ಡರಸ್ತೆಯವರಿಗೂ ಬಿಟ್ಟಿರುತ್ತದೆ.

ಸೈಕಲ್ಲಿಂದಿಳಿದು ತಳ್ಳಿಕೊಂಡು ಜೀಬ್ರಾ ಮೇಲೆ ಹೋಗಿ ನೋಡಿದ್ದೂ ಆಯಿತು. "ನಡಿಯೋರ ಹಾದ್ಯಾಗ ಗಾಡಿ ಯಾಕ ತರ್ತೀರಿ?" ಎಂದು ಮಾರ್ಕೆಟ್ಟಿಗೆ ಹೊರಟ ಅಮ್ಮ ಗದರಿದರು. ಅವರ ಸಿಟ್ಟಿನಲ್ಲಿ ತಪ್ಪಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1985ರ ಸಿಗ್ನಲ್ ಮಾರ್ಗಸೂಚಿ, ನಡೆಯುವವರು ಸೆಕೆಂಡಿಗೆ 1.2 ಮೀಟರ್ ಸಾಗುತ್ತಾರೆಂದು ಲೆಕ್ಕ ಹಿಡಿಯುತ್ತದೆ. ಎರಡೂ ಕೈಯಲ್ಲಿ ಚೀಲ ಹಿಡಿದ, ಮೊಣಕಾಲು ನೋವಿನ ಆ ಅಮ್ಮನನ್ನು ಕೇಳಿ ಈ ಲೆಕ್ಕ ಹಾಕಿರಲಾರರು. ಸಿಗ್ನಲ್ ಹುಟ್ಟಿದ್ದಾದರೂ ಯಾರ ಸಲುವಾಗಿ? 1868ರಲ್ಲಿ ಲಂಡನ್ನಿನ ಪಾರ್ಲಿಮೆಂಟಿನೆದುರು, ಕುದುರೆಗಾಡಿಗಳ ನೂಕುನುಗ್ಗಲಿನಲ್ಲಿ ನಡೆಯುವವರು ದಾಟಲೆಂದೇ ಗ್ಯಾಸ್ ದೀಪದ ಕಂಬ ನೆಟ್ಟರು. ಮರು ತಿಂಗಳೇ ಅದು ಸಿಡಿದು, ನಡೆಸುತ್ತಿದ್ದ ಪೊಲೀಸನೇ ಗಾಯಗೊಂಡ. ಆಮೇಲೆ ಮೋಟಾರು ಬಂದು ದೀಪವನ್ನು ತನ್ನದಾಗಿಸಿಕೊಂಡಿತು.

ದೀಪವಿಲ್ಲದ ಊರಲ್ಲಿ ನೆಮ್ಮದಿಯೇ? ಆಳಂದದ ಹಾದಿಯಲ್ಲಿ ಹಂಪ್‌ಗಳಿವೆ. ಹಂಪ್‌ಗೂ ರಸ್ತೆಯ ಅಂಚಿಗೂ ನಡುವೆ ಗೇಣುದ್ದದ ಸಮತಟ್ಟು ಜಾಗ ಉಳಿದಿರುತ್ತದೆ. ಅದು ನ್ಯಾಯವಾಗಿ ಸೈಕಲ್ಲಿನದು, ಆದರೆ ಸೊಂಟ ಕಾಯ್ದುಕೊಳ್ಳುವ ಬೈಕಿನವರೆಲ್ಲ ನುಗ್ಗುವುದು ಅಲ್ಲಿಗೇ. ಸುಗ್ಗಿಯಲ್ಲಿ ಕೆಲವರು ಡಾಂಬರಿನ ಮೇಲೇ ತೊಗರಿ ಹರವಿ, ಹೋಗಿಬರುವ ಗಾಲಿಗಳಿಂದಲೇ ರಾಶಿ ಮಾಡಿಸುತ್ತಾರೆ. 2019ರಲ್ಲಿ ಜಿಐ ಮಾನ್ಯತೆ ಪಡೆದ ನಮ್ಮ ತೊಗರಿಯ ಕಟ್ಟಿಗೆ ಚೈನಿನಲ್ಲಿ ಸಿಕ್ಕಿಕೊಂಡಾಗ ಹೆಮ್ಮೆಪಡುವುದು ಸ್ವಲ್ಪ ಕಷ್ಟ.

ಅಫಜಲಪುರದಲ್ಲಿ ಕಬ್ಬು ಕಡಿಯುವ ಕಾಲಕ್ಕೆ ಟ್ರ್ಯಾಕ್ಟರುಗಳ ಆಳ್ವಿಕೆ. ಡ್ರೈವರ್ ಹಾಡು ಹಚ್ಚಿದನೆಂದರೆ ನನ್ನ ಬೆಲ್ಲು ನನಗೇ ಕೇಳುವುದಿಲ್ಲ. ಟ್ರೇಲರ್ ಹೋಯಿತೆಂದು ಪೆಡಲ್ ಮೇಲೆ ಕಾಲಿಡುತ್ತೇನೆ, ಅದರ ಹಿಂದೆ ಇನ್ನೊಂದು ಟ್ರೇಲರ್, ಅದರ ಹಿಂದೆ ಕಬ್ಬು ಜಗ್ಗುತ್ತ ಓಡುವ ಹುಡುಗರು.

ಎಲ್ಲಕ್ಕಿಂತ ಕಠಿಣ ಜೇವರ್ಗಿ. ವಿಜಯಪುರದಿಂದ ಕಲಬುರಗಿಗೆ ಹೋಗುವ 50ನೇ ರಾಷ್ಟ್ರೀಯ ಹೆದ್ದಾರಿ ಇಲ್ಲಿ ಹಾಯುತ್ತದೆ. ಶಹಾಪುರ, ಬಳ್ಳಾರಿ ಮೇಲೆ ಹಾದು ದೂರದ ಚಾಮರಾಜನಗರ ಮುಟ್ಟುವ 150ಎ ಹೆದ್ದಾರಿ ಶುರುವಾಗುವುದೂ ಇಲ್ಲಿಂದಲೇ. ಅಷ್ಟು ದೂರದ ಲಾರಿಗಳಿಗೆ ನನ್ನ ಹತ್ತು ಮಾರಿನ ಪ್ರಯಾಣ ಲೆಕ್ಕಕ್ಕಿಲ್ಲ. ಕೈ ಅಡ್ಡ ಮಾಡಿದರೆ ಲಿಫ್ಟ್ ಕೇಳುತ್ತಿದ್ದೇನೆಂದುಕೊಂಡು ತಲೆಯಾಡಿಸಿ ಹೋಗುತ್ತಾರೆ.

ಅಲ್ಲಿ ನನ್ನನ್ನು ದಾಟಿಸುವುದು ಕುರಿ ಹಿಂಡು. ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಕುರಿಗಾರ ಎಡಕ್ಕೂ ನೋಡುವುದಿಲ್ಲ, ಬಲಕ್ಕೂ ನೋಡುವುದಿಲ್ಲ. ಹದಿನಾಲ್ಕು ಗಾಲಿಯ ಲಾರಿ ಉಸ್ಸೆಂದು ಬ್ರೇಕ್ ಹಾಕಿ ನಿಲ್ಲುತ್ತದೆ. ನಾನು ಹಿಂಡಿನ ಬಾಲಕ್ಕೆ ಸೇರಿಕೊಂಡು ಸೈಕಲ್ ತಳ್ಳುತ್ತೇನೆ. ಮೊನ್ನೆ ಆತ ತಿರುಗಿ ನೋಡಿ ನಕ್ಕ. "ಹಿಂದ್ಯಾಕ ಬರ್ತೀರಿ ಸಾಹೇಬ್ರ, ನಡುವ ಬರ್ರಿ. ಹಿಂದ ಇದ್ದೋರ್ನ ಲಾರಿಯವ್ರು ಬಿಡಂಗಿಲ್ಲ."